ಹೊಗೆಸೊಪ್ಪಿನ ಕಾಲೇಜಿನ ಹಿಂಬಾಗಿಲು

೧೯೬೧ನೇ ಇಸವಿ ಜುಲೈ ಹದಿನಾಲ್ಕನೇ ತಾರೀಕು, ಶುಕ್ರವಾರ. ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಅರಕಲಗೂಡು ಪೊಲೀಸ್ ಠಾಣೆಯ ಜಗಲಿಗೆ ಗೋಣಿಚೀಲದ ಗೊಪ್ಪೆ ಹೊದ್ದ ಹೆಂಗಸೊಬ್ಬಳು ಬಂದು ನಿಂತಳು. ಮಳೆ ಜಡಿಯುತ್ತಿತ್ತು. ಒಳಗೆ ಬಾ ಎಂದು ದಫೇದಾರ್ ತಮ್ಮಯ್ಯ ಕರೆದರೂ ಬರಲಿಲ್ಲ.

“ದೊಡ್ ಸಾಹೇಬ್ರು ಬಂದವ್ರಾ?” ಎಂದು ಕೇಳಿದಳು.

ಸಬ್ ಇನ್‌ಸ್ಪೆಕ್ಟರ್ ಗಂಗಾಧರಯ್ಯ ರಾಮನಾಥಪುರದಿಂದ ಹಿಂತಿರುಗಿ ಇನ್ನೂ ಬೂಟು ಬಿಚ್ಚಿರಲಿಲ್ಲ. ಕಾವೇರಿ ಉಕ್ಕಿದ್ದರಿಂದ ಸೋಮವಾರದಿಂದಲೂ ಅಲ್ಲೇ ಬಂದೋಬಸ್ತಿನಲ್ಲಿದ್ದರು. ತಾವೇ ಎದ್ದು ಜಗಲಿಗೆ ಬಂದರು.

“ನಾನು ಮುದ್ದಮ್ಮ ಕಣ್ ಸಾ. ಕಾಲೇಜಲ್ಲಿ ಸತ್ತೋದ ದೇವಯ್ಯನ ಅವ್ವ.”

ಮಂಗಳವಾರ ಕಾಲೇಜಿನ ಗೋಡೆ ಕುಸಿದು ಒಬ್ಬ ವಿದ್ಯಾರ್ಥಿ ಸತ್ತ ಸುದ್ದಿ ಅವರಿಗೆ ಮುಟ್ಟಿತ್ತು. ತಮ್ಮಯ್ಯ ಪ್ರಿನ್ಸಿಪಾಲ್ ನಂಜಪ್ಪನವರ ಹೇಳಿಕೆ ಪಡೆದು ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಿಸಿದ್ದ. ಮಳೆಯ ಕಾರಣ ಅಂದು ಕಾಲೇಜಿಗೆ ರಜೆ ಕೊಡಲಾಗಿತ್ತು, ಕೆಲವು ಹುಡುಗರು ದೇವಯ್ಯನ ಮುಂದಾಳತ್ವದಲ್ಲಿ ಅಪ್ಪಣೆಯಿಲ್ಲದೆ ಒಳಹೊಕ್ಕು ಹರಟುತ್ತ ಕೂತಿದ್ದರು, ಗೋಡೆ ಬಿತ್ತು ಎನ್ನುವುದು ಆ ಹೇಳಿಕೆಯ ಸಾರಾಂಶ.

“ನನ್ ಮಗ ಅರಟೆ ಒಡೆಯಾಕೆ ಓಗಿರ್ಲಿಲ್ಲ ಸಾ,” ಎಂದಳು ಮುದ್ದಮ್ಮ. “ಸೋಮವಾರ ಸಂಜೆ ಡಂಗುರ ಸಾರುದ್ರು. ಇಸ್ಕೂಲು, ಕಾಲೇಜು ಎಲ್ಲಾ ರಜ ಅಂದ್ರು. ನನ್ ಮಗನೂ ಕೇಳ್ದ. ಅದಾದ್ಮೇಲೆ ಕಾಲೇಜಿನ ಜವಾನ ಬೈರಯ್ಯ ನಮ್ ಕೇರಿಗೆ ಬಂದ. ಡಂಗುರ ನಮ್ ಕಾಲೇಜಿಗಲ್ಲ, ನಾಳೆ ಬರ್ದೇ ಇದ್ರೆ ಪರೀಕ್ಷೆಗೆ ಕೂರ್ಸಾಕಿಲ್ಲ ಅಂತ ಪಿನ್ಸಿಪಾಲ್ರು ಅಂದವ್ರೆ, ಅಂದ. ಬ್ಯಾಡ ಕಣ್ಲಾ, ಗಾಳಿ ಜೋರೈತೆ ಅಂದೆ. ಪರೀಕ್ಷೆ ಓಯ್ತದಲ್ಲವ್ವಾ ಅಂದ್ಬುಟ್ಟು ಒಂಟೋದ.”

“ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ತಾಯಿ?”

“ಯೋಳ್ದೆ ಸಾ. ಮಣ್ ಮಾಡೋ ಕೆಲ್ಸ ಮೊದ್ಲು ನೋಡು ಅಂದ್ರು.”

ತಮ್ಮಯ್ಯ ತಲೆ ತಗ್ಗಿಸಿದ. ಗಂಗಾಧರಯ್ಯ ಅವನನ್ನು ಒಳಗೆ ಕರೆದರು.

“ಡಿ.ಸಿ. ಆಫೀಸಿನ ರಜೆಯ ಆರ್ಡರ್ ಕಾಲೇಜಿಗೆ ಮುಟ್ಟಿಸಿದ್ದು ಯಾರು?”

“ನಾನೇ ಸಾರ್. ಹಾಸನದಿಂದ ಫೋನ್ ಬಂತು. ಮಣ್ಣಿನ ಗೋಡೆಯ ಕಟ್ಟಡದೊಳಗೆ ಯಾರನ್ನೂ ಕೂರಿಸಬಾರದು ಅಂತ. ಸೈಕಲ್ಲಿನಲ್ಲಿ ಹೋಗಿ ಪ್ರಿನ್ಸಿಪಾಲರಿಗೆ ಬಾಯಲ್ಲೇ ಹೇಳಿದೆ. ಆಗಲಪ್ಪ, ಮಾಡೋಣ ಅಂದರು.”

“ನೀನೇ ಹೋಗಿ ಹೇಳಿ, ಆಮೇಲೆ ಅವರು ಕೊಟ್ಟ ಹೇಳಿಕೆಗೆ ತಲೆಯಾಡಿಸಿ ಬಂದೆಯಾ?”

ಎಲ್ಲಕ್ಕಿಂತ ಹೆಚ್ಚಾಗಿ ಗಂಗಾಧರಯ್ಯನವರನ್ನು ಕೆರಳಿಸಿದ್ದು ಆ ಹೇಳಿಕೆಯಲ್ಲಿದ್ದ ‘ದೇವಯ್ಯನ ಮುಂದಾಳತ್ವದಲ್ಲಿ’ ಎಂಬ ಮಾತು. ಸತ್ತವನ ತಲೆಗೆ ತಪ್ಪು ಕಟ್ಟುವುದು ಸುಲಭ. ಅವನು ಎದ್ದು ಬಂದು ಅಲ್ಲಗಳೆಯುವುದಿಲ್ಲ. ಮುದ್ದಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಸಿ, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಎಫ್.ಐ.ಆರ್. ದಾಖಲಿಸಿದರು.

ಕಾಲೇಜು ಊರಾಚೆ ಇತ್ತು. ಕಟ್ಟಡ ಮೊದಲು ಹೊಗೆಸೊಪ್ಪಿನ ಗೋಡೌನು. ಕಿಟಕಿಗಳೆಲ್ಲ ಸೂರಿನ ಕೆಳಗೆ, ಆಳೆತ್ತರಕ್ಕಿಂತ ಮೇಲೆ. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಊರಿನವರು ಅದನ್ನು ಹೊಗೆಸೊಪ್ಪಿನ ಕಾಲೇಜು ಎಂದೇ ಕರೆಯುತ್ತಿದ್ದರು. ಮಳೆಗಾಲದಲ್ಲಿ ಗೋಡೆಗಳು ಇನ್ನೂ ಆ ಘಾಟು ಬಿಡುತ್ತಿದ್ದವು. ಬಲಗಡೆಯ ಗೋಡೆ ನೆಲಸಮವಾಗಿತ್ತು. ಹೆಂಚು, ತೊಲೆ, ಬೆಂಚು ಎಲ್ಲ ಒಂದರ ಮೇಲೊಂದು ಬಿದ್ದಿದ್ದವು.

ಇಬ್ಬರು ಪಂಚರ ಎದುರಿನಲ್ಲಿ ಗಂಗಾಧರಯ್ಯ ಸ್ಥಳ ಪಂಚನಾಮೆ ಶುರುಮಾಡಿದರು. ಪ್ರಿನ್ಸಿಪಾಲ್ ನಂಜಪ್ಪ ಕೊಡೆ ಹಿಡಿದು ಜೊತೆಗೆ ನಿಂತಿದ್ದರು. ಐವತ್ತರ ಆಸುಪಾಸಿನ ವಯಸ್ಸು, ಕಪ್ಪು ಕೋಟು, ಮೆದುಮಾತು.

“ಶವ ಎಲ್ಲಿ ಸಿಕ್ಕಿತು?”

“ಹಿಂಬಾಗಿಲ ಹತ್ತಿರ,” ಎಂದ ತಮ್ಮಯ್ಯ. “ತೊಲೆಯ ಕೆಳಗೆ. ಬೆರಳ ಉಗುರು ಕಿತ್ತುಹೋಗಿದ್ದವು ಸಾರ್.”

“ಬಾಗಿಲ ತನಕ ಬಂದವನು ಹೊರಗೆ ಯಾಕೆ ಹೋಗಲಿಲ್ಲ?”

ನಂಜಪ್ಪ ನಿಟ್ಟುಸಿರುಬಿಟ್ಟರು. “ಹಳೆಯ ಬಾಗಿಲು ಇನ್‌ಸ್ಪೆಕ್ಟರೇ. ಮಳೆಗೆ ಹಲಗೆ ಊದಿಕೊಂಡು ಕಚ್ಚಿಕೊಂಡಿತ್ತು. ವಿಧಿ, ಏನು ಮಾಡೋಣ?”

ಗಂಗಾಧರಯ್ಯ ಅವಶೇಷ ಹತ್ತಿ ಇಳಿದು ಹಿಂಬಾಗಿಲ ಬಳಿಗೆ ಹೋದರು. ಸೋಮವಾರದಿಂದ ಆ ಹೊತ್ತಿನವರೆಗೆ ಮಳೆ ಬಿಟ್ಟಿರಲಿಲ್ಲ. ಹಲಗೆ ತೊಯ್ದು ಕಪ್ಪಾಗಿತ್ತು. ಒಂದೇ ಕೈಯಲ್ಲಿ ತಳ್ಳಿದರು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಎಳೆದರು, ಮುಚ್ಚಿಕೊಂಡಿತು. ಪಂಚರಿಬ್ಬರಿಗೂ ಹೇಳಿ ಒಬ್ಬೊಬ್ಬರಾಗಿ ತಳ್ಳಿಸಿದರು. ಹೊರಗಡೆ ಚೌಕಟ್ಟಿಗೆ ಹೊಸ ಚಿಲಕ, ಹೊಸ ಕೊಂಡಿ. ಬೀಗ ಮಾತ್ರ ಇಲ್ಲ.

“ಊದಿಕೊಂಡ ಹಲಗೆ ಮಳೆ ನಿಲ್ಲದೆ ಆರಿತೇ ಸ್ವಾಮಿ?”

ನಂಜಪ್ಪ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಅಂದು ಕಾಲೇಜಿನೊಳಗಿದ್ದ ವಿದ್ಯಾರ್ಥಿಗಳ ಪೈಕಿ ಹುಡುಗರು ಯಾರೂ ಬಾಯಿಬಿಡಲಿಲ್ಲ. ಎಲ್ಲರೂ ಒಂದೇ ಪಾಠ ಒಪ್ಪಿಸಿದರು: ರಜೆ ಇತ್ತು, ಸುಮ್ಮನೆ ಹೋಗಿದ್ದೆವು. ಪರೀಕ್ಷೆಯ ಹೆದರಿಕೆ ಇನ್ನೂ ಅವರನ್ನು ಬಿಟ್ಟಿರಲಿಲ್ಲ. ಕೊನೆಗೆ ಗಂಗಾಧರಯ್ಯ ಪೇಟೆಬೀದಿಯ ಬಟ್ಟೆ ವ್ಯಾಪಾರಿ ಚನ್ನಬಸವಯ್ಯನವರ ಮನೆಗೆ ಹೋದರು. ಅವರ ಮಗಳು ಪ್ರೇಮಕುಮಾರಿಗೆ ಅಂದು ಮೊಣಕೈ ಮುರಿದಿತ್ತು.

“ಹೆಣ್ಣುಮಗು ಸ್ವಾಮಿ,” ಎಂದರು ಚನ್ನಬಸವಯ್ಯ ಬಾಗಿಲಲ್ಲೇ. “ಕೋರ್ಟು ಕಚೇರಿ ಹತ್ತಿಸಬೇಡಿ. ನಾಳೆ ಮದುವೆ ಮಾಡಬೇಕು.”

“ಅಪ್ಪಾಜಿ, ನಾನು ಹೇಳ್ತೀನಿ,” ಎಂದು ಹುಡುಗಿ ಒಳಗಿನಿಂದ ಬಂದಳು. ಕೈಗೆ ದಬ್ಬೆ ಕಟ್ಟಿದ್ದರು.

“ಅವತ್ತು ತರಗತಿ ನಡೀತಾ?”

“ಪಾಠ ನಡೀಲಿಲ್ಲ ಸಾರ್. ಮೈಸೂರಿನಿಂದ ಯೂನಿವರ್ಸಿಟಿ ಕಮಿಟಿ ಬರ್ತದೆ, ಬೆಂಚು ತುಂಬಾ ಕಾಣಬೇಕು, ಯಾರೂ ಅಲ್ಲಾಡಬಾರದು ಅಂತ ಎಲ್ಲರನ್ನೂ ಕೂರಿಸಿದ್ರು. ನಾವು ಹುಡುಗಿಯರು ಮುಂಬಾಗಿಲ ಹತ್ತಿರ. ಹುಡುಗರು ಹಿಂದೆ.”

“ದೇವಯ್ಯ?”

“ಗೋಡೆಯಿಂದ ಮಣ್ಣು ಉದುರ್ತಾ ಇತ್ತು. ದೇವಯ್ಯ ಎದ್ದು ನಿಂತು, ಸಾರ್, ಗೋಡೆ ಬಿರುಕು ಬಿಡ್ತಾ ಇದೆ, ಹೊರಗೆ ಹೋಗೋಣ ಅಂದ. ಕೂತ್ಕೋ, ಬಂದೋನೆಲ್ಲ ಎದ್ದು ಹೋಗೋಕೆ ಇದು ಸಂತೆಯಲ್ಲ ಅಂದ್ರು ಪ್ರಿನ್ಸಿಪಾಲರು. ಅವನು ಕೂತ್ಕೊಂಡ. ಗೋಡೆ ಬಿದ್ದಾಗ ನಾವು ಮುಂದಿನಿಂದ ಓಡಿದ್ವಿ. ಹಿಂದಿನವರಿಗೆ ದಾರಿ ಮುಚ್ಚಿಹೋಯ್ತು. ಹಿಂಬಾಗಿಲು ಬಡೀತಿದ್ದ ಸದ್ದು ಹೊರಗೆ ನಿಂತ ನನಗೆ ಕೇಳಿಸ್ತು. ಬೀಗ ಹಾಕಿದೆ, ಬೀಗ ಹಾಕಿದೆ ಅಂತ ಕೂಗ್ತಿದ್ರು.”

ಹುಡುಗಿ ಹೇಳಿಕೆ ಕೊಟ್ಟಳೆಂದು ಊರಿಗೆ ತಿಳಿಯುವಷ್ಟರಲ್ಲಿ ಜವಾನ ಬೈರಯ್ಯ ಠಾಣೆಯ ಬೆಂಚಿನ ಮೇಲಿದ್ದ.

“ಹಿಂಬಾಗಿಲಿಗೆ ಬೀಗ ಹಾಕಿದ್ದು ಯಾರು?”

“ನಾನೇ ಸಾ.”

“ಯಾರು ಹೇಳಿದರು?”

“ಪ್ರಿನ್ಸಿಪಾಲ್ರು. ಐಕ್ಳು ಹಿಂದ್ಗಡೆಯಿಂದ ಜಾರ್ಕತವೆ, ಸಾಹೇಬ್ರು ಬರೋಗಂಟ ಬೀಗ ಆಕು ಅಂದ್ರು. ಬೀಗದಕೈ ಅವ್ರೇ ಮಡೀಕಂಡ್ರು.”

“ತೆಗೆದದ್ದು ಯಾವಾಗ?”

“ಗೋಡೆ ಬಿದ್ಮೇಲೆ ಅವ್ರೇ ಓಡ್ಬಂದು ತೆಗುದ್ರು ಸಾ. ಬೀಗದಕೈ ಬ್ಯಾಗ ತೂರ್ಲೇ ಇಲ್ಲ. ತೆಗೆಯೋವೊತ್ಗೆ ಒಳ್ಗಡೆ ದೇವಯ್ಯನ ಮ್ಯಾಲೆ ತೊಲೆ ಬಿದ್ದಿತ್ತು, ಮಿಕ್ಕ ಐಕ್ಳು ಈಚೆಗೆ ಬಂದ್ವು.” ಬೈರಯ್ಯ ಟವಲಿನಿಂದ ಮುಖ ಮುಚ್ಚಿಕೊಂಡ. “ಆಮ್ಯಾಲೆ ಬೀಗ ನನ್ ಕೈಗೆ ಕೊಟ್ಟು ಬಾವಿಗೆ ಆಕ್ಬುಡು ಅಂದ್ರು.”

ಮರುದಿನ ಬೆಳಗ್ಗೆ ಕಾಲೇಜಿನ ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಇಳಿಸಿದರು. ಮೊದಲು ಒಂದು ತೂತುಬಿದ್ದ ಕೊಡ ಬಂತು, ಆಮೇಲೆ ಬರೀ ಕೆಸರು. ತಮ್ಮಯ್ಯ ಹಗ್ಗವನ್ನು ಯಾರ ಕೈಗೂ ಕೊಡದೆ ತಾನೇ ಆಡಿಸುತ್ತಿದ್ದ; ಅಂಗೈ ಕಿತ್ತರೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊಕ್ಕೆಗೆ ಸಿಕ್ಕಿ ಹಿತ್ತಾಳೆಯ ಬೀಗ ಮೇಲೆ ಬಂತು. ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಿ, ಎಲ್ಲರೂ ನೇರ ಪ್ರಿನ್ಸಿಪಾಲರ ಕೊಠಡಿಗೆ ನಡೆದರು.

“ನಿಮ್ಮ ಬೀಗದಕೈ ಗೊಂಚಲು ಕೊಡಿ.”

ನಂಜಪ್ಪ ಕೊಟ್ಟರು. ಗೊಂಚಲಿನ ಒಂದು ಸಣ್ಣ ಕೀಲಿಕೈ ಬೀಗದೊಳಗೆ ಹೋಗಿ ತಿರುಗಿತು. ಟಕ್ಕೆಂದು ಬಾಯಿ ಬಿಟ್ಟ ಬೀಗವನ್ನು ಗಂಗಾಧರಯ್ಯ ಮೇಜಿನ ಮೇಲಿಟ್ಟರು.

“ರಜೆ ಕೊಡಿ ಅಂತ ಸರ್ಕಾರ ಹೇಳಿತು. ಗೋಡೆ ಬೀಳ್ತದೆ ಅಂತ ಆ ಹುಡುಗ ಹೇಳಿದ. ಎರಡೂ ನಿಮ್ಮ ಕಿವಿಗೆ ಬಿದ್ದಿತ್ತು. ಬೀಗ ಹಾಕಿ ಕೂರಿಸಿದಿರಿ, ಆಮೇಲೆ ಸತ್ತವನನ್ನೇ ಕಳ್ಳನಂತೆ ಬರೆಸಿದಿರಿ. ಕೋಟು ಹಾಕಿಕೊಂಡು ಹೊರಡಿ.”

ನಂಜಪ್ಪ ಪ್ರತಿಭಟಿಸಲಿಲ್ಲ. ದಸ್ತಗಿರಿಯ ನಂತರ ಠಾಣೆಯಲ್ಲಿ ಅವರೇ ಹೇಳಿದರು. ಚಿಕ್ಕಂದಿನಲ್ಲಿ ಓದಲು ಹಾಸನದ ತನಕ ನಡೆದು ಹೋದವರಂತೆ. ಊರಲ್ಲೊಂದು ಕಾಲೇಜು ಆಗಲೇಬೇಕೆಂದು ಮನೆಮನೆ ತಿರುಗಿ, ಗೋಡೌನು ಬೇಡಿ ಪಡೆದು ಕಟ್ಟಿದರಂತೆ. ಬೆಂಚು ಖಾಲಿ ಕಂಡರೆ ಮಾನ್ಯತೆ ಸಿಗದು ಎಂದು ಯಾರೋ ಹೇಳಿದ್ದರಂತೆ.

“ಒಂದು ದಿನ ಮುಚ್ಚಿದ್ದರೆ ಕಾಲೇಜು ಶಾಶ್ವತವಾಗಿ ಮುಚ್ಚಿಹೋಗುತ್ತಿತ್ತು, ಇನ್‌ಸ್ಪೆಕ್ಟರೇ. ಇಂಥ ಮಕ್ಕಳಿಗೋಸ್ಕರವೇ ಕಟ್ಟಿದ್ದು.”

ಗಂಗಾಧರಯ್ಯನವರಿಗೆ ಆ ಮಾತು ಸುಳ್ಳೆನಿಸಲಿಲ್ಲ. ಅದರಿಂದ ಅವರ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

“ಕಮಿಟಿಯವರು ಏನಂದರು?”

“ಅವರು ಬರಲೇ ಇಲ್ಲ.”

ಸಂಜೆ ಮುದ್ದಮ್ಮ ಠಾಣೆಗೆ ಬಂದಳು. ಈ ಸಲ ತಮ್ಮಯ್ಯ ಹೊರಗೆ ಹೋಗಿ ಅವಳನ್ನು ಒಳಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದ. ನಿರ್ಲಕ್ಷ್ಯದಿಂದ ಸಾವು, ಅಕ್ರಮ ಬಂಧನ, ಸಾಕ್ಷ್ಯನಾಶ ಎಂದು ಹಾಕಿದ್ದ ಕಲಮುಗಳನ್ನು ಗಂಗಾಧರಯ್ಯ ಬಿಡಿಸಿ ಹೇಳಿದರು. ಮಗ ತಾನಾಗಿ ಒಳಹೊಕ್ಕಿರಲಿಲ್ಲ, ಕರೆದದ್ದಕ್ಕೆ ಹೋಗಿದ್ದ ಎಂದು ದಾಖಲೆಯಲ್ಲಿ ಬರೆದಾಗಿದೆ ಎಂದರು. ಅವಳು ತಲೆಯಾಡಿಸಿದಳು.

“ಯಾರಿಗ್ ತೋರ್ಸಾಕೆ ಸಾ, ಐಕ್ಳ ಅಂಗೆ ಕೂಡಾಕಿದ್ದು?”

“ಮೈಸೂರಿನಿಂದ ದೊಡ್ಡವರು ಬರುವವರಿದ್ದರು ತಾಯಿ. ಹಾಸನದವರೆಗೆ ಬಂದು ಪ್ರವಾಸಿ ಬಂಗಲೆಯಲ್ಲಿ ಉಳಿದರಂತೆ. ಮಳೆ ಜಾಸ್ತಿ, ರಸ್ತೆಯಲ್ಲಿ ಅಪಾಯ ಅಂತ ಅಲ್ಲಿಂದಲೇ ವಾಪಸು ಹೋದರು.”

ಮುದ್ದಮ್ಮ ಗೊಪ್ಪೆ ಕೊಡವಿಕೊಂಡು ಎದ್ದಳು.

“ಒಳ್ಳೇದ್ ಮಾಡುದ್ರು ಬುಡಿ ಸಾ,” ಎಂದಳು. “ಅವ್ರ ಅವ್ವದೀರು ಮನೇಲಿ ಕಾಯ್ತಿರ್ತಾರೆ.”