ಒಳಗೆ ಹೋದ ಹೆಜ್ಜೆ

ಹಳೆಯ ಅರಮನೆ ತೋಟದ ಕಾರಂಜಿಯ ಮೇಲಿದ್ದ ಕಂಚಿನ ಹಂಸ ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. ಗೇಟಿನಲ್ಲಿ ಟಿಕೆಟ್ ಕೊಡುವ ಸೊಸೆ ತೋಟದ ಹಿಂದಿನ ವಸತಿಗೆ ಓಡಿ ಅತ್ತೆಯನ್ನು ಎಬ್ಬಿಸಿದಳು. ಅತ್ತೆ ಪೊಲೀಸ್ ಕೆಲಸದಿಂದ ನಿವೃತ್ತಳಾದವಳು. ಒಡೆದ ಲೋಟವನ್ನು ಯಾರು ಬಚ್ಚಿಟ್ಟರೆಂದು ಕೂತಲ್ಲೇ ಹೇಳುವಾಕೆ. ಅಂಥವಳ ಜೊತೆ ಬಾಳುವ ಕಷ್ಟ ಸೊಸೆಗೇ ಗೊತ್ತು.

ಮೂವತ್ತು ವರ್ಷದಿಂದ ಪ್ರವಾಸಿಗಳಿಗೆ ಹಂಸದ ಕತೆ ಹೇಳುತ್ತಿದ್ದ ಗೈಡ್ ಗೇಟಿನಲ್ಲೇ ಎದುರಾದ. "ಬನ್ನಿ ಅಕ್ಕಾ" ಎಂದು ಅವರತ್ತ ಮುಖ ಮಾಡಿಕೊಂಡೇ ಹುಲ್ಲಿನ ಅಂಚಿನಲ್ಲಿ ಮುಂದೆ ಹೊರಟ. "ಬರೋ ತಿಂಗಳಿಂದ ಕಿವಿಗೆ ಹಾಕೋ ಯಂತ್ರವೇ ಕತೆ ಹೇಳ್ತದಂತೆ. ನನ್ನ ಬಾಯಿಗೆ ರಜೆ. ಹಾಂ, ಇಲ್ಲಿ ಕಟ್ಟೆ ಇದೆ, ಎಡವೀರಿ!"

ಕಾರಂಜಿಯ ಬಳಿ ತೋಟದ ನೌಕರರೆಲ್ಲ ಸೇರಿದ್ದರು. ಪಕ್ಕದ ಕೋಣೆಯೇ ಕಾವಲುಗಾರನ ಮನೆ. ಸಂಜೆ ತೋಟದ ಬಾಗಿಲು ಹಾಕಿದ ಮೇಲೆ, ಗೇಟಿನಿಂದ ಕಾರಂಜಿಗೆ ಬರುವ ಮರಳಿನ ಹಾದಿಯನ್ನು ಬಾಚಿ ಸಮ ಮಾಡುವುದು ಅವನ ದಿನದ ಕೆಲಸ. ಈಗ ಅದರ ಮೇಲೆ ನೌಕರರ ಬೂಟಿನ ಎರಡು ಸಾಲು ಗುರುತು.

"ಎರಡೂ ಒಳಗೆ ಬಂದಿವೆ, ಒಂದೂ ಹೊರಗೆ ಹೋಗಿಲ್ಲ," ಎಂದ ತೋಟದ ಮೇಲ್ವಿಚಾರಕ, ಕಾವಲುಗಾರನತ್ತ ಕೈ ತೋರಿಸಿ. "ಒಳಗಿರೋದು ಇವನು, ಇವನ ತಮ್ಮ. ಇವತ್ತೇ ಕೋಣೆ ಖಾಲಿ ಮಾಡ್ಲಿ."

"ಈ ಸೂರು ಬಿಟ್ರೆ ಎಲ್ಲಿಗೆ ಹೋಗೋಣಮ್ಮಾ?" ಕಾವಲುಗಾರನ ಹೆಂಡತಿ ಅತ್ತೆಯ ಕೈ ಹಿಡಿದಳು.

ಅತ್ತೆ ಮರಳಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಒಂದು ಸಾಲು ಹಗುರ, ಇನ್ನೊಂದು ಆಳ. ಭಾರ ಹೊತ್ತವನ ಹೆಜ್ಜೆ ಅದು. ಹಂಸ ಕದಿಯೋಕೆ ಬರೋನು ಭಾರ ಹೊತ್ಕೊಂಡು ಯಾಕೆ ಬರ್ತಾನೆ? ಅವನು ಬರ್ತಾ ಇರ್ಲಿಲ್ಲ, ಹೋಗ್ತಾ ಇದ್ದ. ಕಾರಂಜಿ ಕಡೆಗೇ ಮುಖ ಮಾಡಿ, ಹಿಮ್ಮುಖವಾಗಿ."

"ಕತ್ತಲಲ್ಲಿ? ಕಟ್ಟೆಗೆ ಎಡವಿ ಬೀಳಲ್ವೇ?" ಎಂದ ಮೇಲ್ವಿಚಾರಕ.

"ನಾವು ಬೀಳ್ತೀವಿ. ಹೆಜ್ಜೆ ಕಟ್ಟೆಯನ್ನ ನೀಟಾಗಿ ಬಳಸಿಕೊಂಡು ಹೋಗಿದೆ ನೋಡಿ. ಜನರಿಗೆ ಮುಖ ಕೊಟ್ಟು, ಈ ಹಾದೀಲಿ ಮೂವತ್ತು ವರ್ಷ ಹಿಂದಕ್ಕೇ ನಡೆದ ಕಾಲು ಒಂದೇ."

ಗೇಟಿನಿಂದ ಗೈಡ್ ಹಿಂದಕ್ಕೇ ನಡೆದು ಬಂದ ರೀತಿ ಸೊಸೆಗೆ ಆಗ ನೆನಪಾಯಿತು. ತಾನೂ ನೋಡಿದ್ದಳು, ಕಂಡಿರಲಿಲ್ಲ.

ಗೈಡ್ ತಲೆ ತಗ್ಗಿಸಿದ. "ಮಾರೋಕಲ್ಲ ಅಕ್ಕಾ. ಹಂಸವೇ ಇಲ್ದೆ ಆ ಯಂತ್ರ ಏನು ಕತೆ ಹೇಳ್ತದೆ ನೋಡೋಣ ಅಂತ... ಮನೇಲಿ ಕಿಟಕಿ ಹತ್ರ ಕೂರ್ಸಿದೀನಿ."

"ನಿನ್ನ ಕತೆ ಉಳೀಲಿ ಅಂತ ಇವರ ಮನೆ ಕಳೀತಿದ್ಯಲ್ಲೋ!" ಎಂದಳು ಅತ್ತೆ.

ಅವನು ಕಾವಲುಗಾರನತ್ತ ನೋಡಲಾರದೆ, ಹಂಸ ತರಲು ಮೇಲ್ವಿಚಾರಕನೊಡನೆ ಹೊರಟ. ಈ ಸಲ ಹಿಂಬಾಲಿಸುವ ಪ್ರವಾಸಿಗಳಿರಲಿಲ್ಲ. ಎಲ್ಲರಂತೆ ಮುಂದೆ ನೋಡಿಕೊಂಡು ನಡೆದ.

ಕಟ್ಟೆಗೆ ಎಡವಿದ. ಬೀಳದಂತೆ ಓಡಿಹೋಗಿ ಹಿಡಿದವನು ಕಾವಲುಗಾರ.