ನೂರಿಪ್ಪತ್ತು ಚದರಡಿಯ ಗೋಡೆ

“ಅವರು ಕಳ್ಳ ಅಲ್ಲ ಕಣಮ್ಮ. ಸತ್ತೋದೋರನ್ನ ಯಾರೂ ವಾಪಸ್ ತರಕ್ಕಾಗಲ್ಲ. ಹೆಸರಾದ್ರೂ ವಾಪಸ್ ಕೊಡಿಸಿ.”

ಹಿನಕಲ್‌ನಿಂದ ಬಂದಿದ್ದ ಅನು ಇಷ್ಟು ಹೇಳಿದಾಗ ಲಿಂಗರಾಜು ಅವಳ ಮುಂದೆ ನೀರಿನ ಲೋಟ ಇಟ್ಟ. ಆಟೋ ಓಡಿಸುವ ಲಿಂಗರಾಜು ಹನ್ನೊಂದು ವರ್ಷದಿಂದ ಸುಂದರಮ್ಮನವರ ಜೊತೆಗಾರ. ಕಟ್ಟಡಗಳ ಖರ್ಚಿನ ಅಂದಾಜು ಹಾಕುವ ನೌಕರಿಯಿಂದ ನಿವೃತ್ತರಾದ ಸುಂದರಮ್ಮನವರ ಮಂಡಿ ಮೊಹಲ್ಲಾದ ಮನೆಗೆ, ಬೇರೆಲ್ಲೂ ಬಗೆಹರಿಯದ ತಂಟೆಗಳನ್ನು ಹೊತ್ತು ಜನ ಬರುತ್ತಿದ್ದರು.

ಅನುವಿನ ಗಂಡ ಸ್ವರೂಪ್ ಜಿಪ್ಸಂ ಹಲಗೆಯ ಗೋಡೆ ಕೂರಿಸುವ ಕೆಲಸಗಾರ. ಬೋಗಾದಿಯ ರಾಜೇಶ್, ನಿಶಾಂತ್ ಎಂಬ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು, ಹಜಾರದ ನಡುವೆ ಗೋಡೆ ಎಬ್ಬಿಸಲು ಅವನನ್ನು ಕರೆಸಿದ್ದರು. ಗೋಡೆ ಮುಗಿದ ಸಂಜೆಯೇ ಅವರ ತಾಯಿ ಶಿವನಂಜಮ್ಮನ ಒಡವೆ ಡಬ್ಬಿ ಕಾಣೆಯಾಯಿತು. ಮರುದಿನ ಆ ಒಡವೆಯೂ ಪಾಲಾಗಬೇಕಿತ್ತು. ರಾಜೇಶ್ ಸ್ವರೂಪನನ್ನು ಬೀದಿಯಲ್ಲೇ ಹೊಡೆದ. ಅವನ ಚೀಲದಲ್ಲಿ, ಮನೆಯಲ್ಲಿ ಏನೂ ಸಿಗಲಿಲ್ಲ. ಆದರೂ ಠಾಣೆಯವರು ವಿಚಾರಣೆಗೆ ಮತ್ತೆ ಮತ್ತೆ ಬರಹೇಳಿದರು. ಮೂರನೆಯ ಸಲ ಹೋಗುವಾಗ ರಿಂಗ್ ರೋಡಿನಲ್ಲಿ ಅವನ ಬೈಕಿಗೆ ಲಾರಿ ಬಡಿದು ಅಲ್ಲೇ ತೀರಿಕೊಂಡ. ಅದಾಗಿ ಹತ್ತು ದಿನ.

ಸುಂದರಮ್ಮ ಸ್ವರೂಪ್ ಬರೆದಿದ್ದ ಅಂದಾಜುಪಟ್ಟಿ ಕೇಳಿ ಪಡೆದರು. ಹನ್ನೆರಡಡಿ ಅಗಲ, ಹತ್ತಡಿ ಎತ್ತರ, ನೂರಿಪ್ಪತ್ತು ಚದರಡಿ. ಹಲಗೆ, ಕಬ್ಬಿಣದ ಚೌಕಟ್ಟು, ಕೂಲಿ ಸೇರಿ ಚದರಡಿಗೆ ನೂರ ಹದಿನೈದು. ಸದ್ದು ದಾಟದಂತೆ ಒಳಗೆ ತುಂಬುವ ಗಾಜಿನ ಉಣ್ಣೆಗೆ ಚದರಡಿಗೆ ಮೂವತ್ತು. ಒಟ್ಟು ಹದಿನೇಳು ಸಾವಿರದ ನಾನೂರು.

“ಒಂದು ರೂಪಾಯಿ ಹೆಚ್ಚಿಲ್ಲ. ನಡಿಯಪ್ಪ, ಗೋಡೆ ನೋಡೋಣ,” ಎಂದರು.

ಬೋಗಾದಿಯ ಮನೆಯಲ್ಲಿ ರಾಜೇಶ್ ಇನ್ನೂ ಸಿಟ್ಟಿನಲ್ಲೇ ಇದ್ದ. “ಕಳ್ಳ ಅಷ್ಟೇ ಅಲ್ಲ, ಮೋಸಗಾರ ಕಣ್ರೀ. ಉಣ್ಣೆಗೆ ಪೂರ್ತಿ ದುಡ್ಡು ಇಸ್ಕೊಂಡು ಒಂದು ತುಂಡು ಹಿತ್ತಿಲಲ್ಲಿ ಎಸೆದವ್ನೆ,” ಎಂದು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿಟ್ಟಿದ್ದ ಹಳದಿ ತುಂಡನ್ನು ಚೀಲದ ಸಮೇತ ತಂದು ತೋರಿಸಿದ. ಎರಡಡಿ ಅಗಲವಿತ್ತು, ಚೌಕಟ್ಟಿನ ಎರಡು ಕಂಬಿಗಳ ನಡುವೆ ಸರಿಯಾಗಿ ಕೂರುವಷ್ಟು.

ಗೋಡೆಗೆ ಬಾಗಿಲೇ ಇರಲಿಲ್ಲ. ಅದರ ಪಕ್ಕದ ಮಂಚದ ಮೇಲೆ ಕುಳಿತಿದ್ದ ಶಿವನಂಜಮ್ಮನ ಮೊಣಕೈವರೆಗೂ ಒಣಗಿದ ಕೆರೆತದ ಗುರುತುಗಳಿದ್ದವು.

“ಇದೇನಮ್ಮ ಕೈಗೆ?” ಎಂದರು ಸುಂದರಮ್ಮ.

ಉತ್ತರ ಕೊಟ್ಟವಳು ರಾಜೇಶನ ಹೆಂಡತಿ ದಿವ್ಯ. “ಗೋಡೆ ಮುಗಿದ ಸಂಜೆಯಿಂದ ಒಂದು ವಾರ ಒಂದೇ ಸಮ ಕೆರ್ಕೊಂಡ್ರು. ಬಿಸಿಲಿನ ಗುಳ್ಳೆ ಅಂತ ಡಾಕ್ಟ್ರು ಮುಲಾಮು ಕೊಟ್ರು.”

“ಕೆಲಸ ನಡೀವಾಗ ನೀವು ಗೋಡೆ ಹತ್ರ ಇದ್ರಾ?”

“ಇಲ್ಲ ಕಣವ್ವ. ನನ್ನ ರೂಮಲ್ಲೇ ಇದ್ದೆ,” ಎಂದಳು ಮುದುಕಿ, ನೆಲ ನೋಡುತ್ತ.

ಸ್ವರೂಪ್ ಊಟಕ್ಕೆ ಹೋದಾಗ ಗೋಡೆಯ ಒಂದು ಮುಖ ಮುಚ್ಚಿರಲಿಲ್ಲ. ಒಳಗೆ ಉಣ್ಣೆ ತುಂಬಿಯಾಗಿತ್ತು. ಆಗ ಮನೆಯಲ್ಲಿದ್ದವರು ಶಿವನಂಜಮ್ಮ, ದಿವ್ಯ, ಮತ್ತು ಊಟಕ್ಕೆ ಬಂದಿದ್ದ ನಿಶಾಂತ್. ಇಷ್ಟು ತಿಳಿದುಕೊಂಡು ಸುಂದರಮ್ಮ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು. ಎಲ್ಲ ಕಡೆ ಮಂದ ಸದ್ದು; ಕಂಬಿಗಳ ನಡುವಿನ ನಾಲ್ಕನೆಯ ಅಂಕಣದ ಬುಡದಲ್ಲಿ ಮಾತ್ರ ಟೊಳ್ಳು ಸದ್ದು. ಲಿಂಗರಾಜುವಿಗೂ ಅದು ಕೇಳಿಸಿತು.

“ನಾಳೆ ಬೆಳಿಗ್ಗೆ ಎಲ್ಲರೂ ಇಲ್ಲೇ ಇರಿ. ಅನುವನ್ನೂ ಕರ್ಕೊಂಡು ಬರ್ತೀನಿ.”

ಮರುದಿನ ಎಲ್ಲರೂ ಗೋಡೆಯ ಮುಂದೆ ಸೇರಿದರು. ಸುಂದರಮ್ಮನವರ ದನಿಯಲ್ಲಿ ಗೆದ್ದವರ ಹುರುಪಿರಲಿಲ್ಲ.

“ಉಣ್ಣೆ ಉಳಿಸಿ ಮೋಸ ಮಾಡೋನು ಅದನ್ನ ಮನೆಗೆ ಒಯ್ಯುತ್ತಾನೆ, ಮೋಸ ಹೋದವರ ಹಿತ್ತಿಲಲ್ಲಿ ಬಿಡೋದಿಲ್ಲ. ಅಂದ್ಮೇಲೆ ಆ ತುಂಡನ್ನ ಗೋಡೆ ಒಳಗಿಂದ ಬೇರೆ ಯಾರೋ ಕಿತ್ತಿದ್ದಾರೆ. ಯಾಕೆ? ಏನೋ ಇಡೋದಕ್ಕೆ ಜಾಗ ಬೇಕಿತ್ತು. ಯಾವಾಗ? ಆತ ಊಟಕ್ಕೆ ಹೋದಾಗ. ಕಾಣದ ಹಾಗೆ ಮುಂದೆ ತೆಳುವಾಗಿ ಉಣ್ಣೆ ಉಳಿಸಿರಬೇಕು; ಪಾಪ, ವಾಪಸ್ ಬಂದು ಗೊತ್ತಿಲ್ಲದೆ ಹಲಗೆ ಮುಚ್ಚಿದ. ಮಾರೋ ಆಸೆ ಇದ್ದ ಕಳ್ಳ ಒಡವೆಯನ್ನ ಇದೇ ಮನೆ ಗೋಡೆಯಲ್ಲಿ ಹೂತಿಡ್ತಿದ್ನಾ? ನಿಶಾಂತ್‌ಗಾಗಲಿ ದಿವ್ಯಾಗಾಗಲಿ ಮರುದಿನ ಪಾಲು ಬರೋದಿತ್ತು. ಪಾಲೇ ಆಗಬಾರದು ಅನ್ನೋರು ಇಟ್ಟಿದ್ದು ಇದು. ಗಾಜಿನ ಉಣ್ಣೆ ಬರಿಗೈಲಿ ಮುಟ್ಟಿದ್ರೆ ದಿನಗಟ್ಟಲೆ ಕೆರೆಯುತ್ತೆ. ಈ ಮನೆಯಲ್ಲಿ ಕೆರೆದಿದ್ದು ಒಬ್ಬರ ಕೈ ಮಾತ್ರ.”

ಶಿವನಂಜಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

“ಒಡವೆ ಕಳೆದ್ರೆ ಪಾಲಿನ ಮಾತು ನಿಂತೋಯ್ತದೆ, ಇಬ್ರೂ ಸೇರಿ ಹುಡುಕ್ತಾರೆ, ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಆ ಹುಡುಗನ್ನ ಹೊಡೆದಾಗ್ಲೇ ಬಾಯಿ ಬುಡಬೇಕಿತ್ತು. ಮಕ್ಕಳ ಮುಂದೆ ಕಳ್ಳಿಯಾಗೋಕೆ ನಾಚ್ಕೆ ಆಯ್ತು. ನಾಳೆ ಹೇಳಾನ, ನಾಳೆ ಹೇಳಾನ ಅಂತಿದ್ದೆ. ಅಷ್ಟರಲ್ಲಿ ಅವನೇ ಹೋಗ್ಬುಟ್ಟ.”

ರಾಜೇಶ್ ಹುಚ್ಚು ಹಿಡಿದವನಂತೆ ಒಳಗಿನಿಂದ ಸುತ್ತಿಗೆ ತಂದು ಎತ್ತಿದ. ಅನು ಅಡ್ಡ ನಿಂತಳು.

“ಒಡೀಬೇಡಿ. ಅವರು ಕೊನೇಲಿ ಮಾಡಿದ ಕೆಲಸ ಇದು. ತಿರುಪು ಬಿಚ್ಚಿದ್ರೆ ಹಲಗೆ ಬತ್ತದೆ.”

ಗಂಡನ ಜೊತೆ ಎಷ್ಟೋ ಮನೆಗಳಲ್ಲಿ ಕೈಜೋಡಿಸಿದ್ದ ಅವಳು, ಬಣ್ಣದಡಿ ಅಡಗಿದ್ದ ತಿರುಪುಗಳನ್ನು ಬೆರಳ ತುದಿಯಿಂದ ತಡವಿ ಹುಡುಕಿ ಒಂದೊಂದಾಗಿ ಬಿಚ್ಚಿದಳು. ಹಲಗೆಯ ಹಿಂದೆ, ಬುಡದಲ್ಲಿ, ತೆಳು ಉಣ್ಣೆಯ ಮರೆಯಲ್ಲಿ ಡಬ್ಬಿ ಇತ್ತು. ತೆಗೆದು ಅದನ್ನು ಶಿವನಂಜಮ್ಮನ ಮಂಚದ ಮೇಲಿಟ್ಟಳು. ಮುದುಕಿ ಕಾಲಿಗೆ ಬೀಳಲು ಬಾಗಿದಾಗ ಹಿಂದೆ ಸರಿದಳು.

“ಬ್ಯಾಡಿ. ನನಗೆ ಕ್ಷಮಿಸಕ್ಕಾಗಲ್ಲ. ಠಾಣೆಗೆ ಬಂದು ಹೇಳಿ, ಅಷ್ಟೇ.”

ಆಮೇಲೆ ಹಲಗೆಯನ್ನು ಎತ್ತಿ ಇದ್ದ ಜಾಗಕ್ಕೇ ಕೂರಿಸಿ, ತಿರುಪು ಬಿಗಿಯತೊಡಗಿದಳು. ಅದು ಇನ್ನೇಕೆ ಎಂದು ನಿಶಾಂತ್ ಮೆಲ್ಲಗೆ ಕೇಳಿದ.

“ಅವರು ಕೆಲಸ ಅರ್ಧಕ್ಕೆ ಬುಡ್ತಿರಲಿಲ್ಲ.”

ಮಧ್ಯಾಹ್ನ ಲಿಂಗರಾಜು ಶಿವನಂಜಮ್ಮನನ್ನೂ ಅನುವನ್ನೂ ಒಂದೇ ಆಟೋದಲ್ಲಿ ಠಾಣೆಗೆ ಕರೆದೊಯ್ದ. ಹೇಳಿಕೆ ಬರೆದುಕೊಂಡ ಪೇದೆ ಕೊನೆಯ ಸಾಲು ಓದಿದ: ಈ ಕಳವಿಗೂ ಮೃತ ಸ್ವರೂಪನಿಗೂ ಯಾವ ಸಂಬಂಧವೂ ಇಲ್ಲ.

ಅನು ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

“ಇನ್ನೊಂದು ಸಲ ಓದಿ ಸಾರ್,” ಎಂದಳು. “ಜೋರಾಗಿ.”