ಒಳ್ಳೆಯ ಕಾಲಿನ ಸುಳ್ಳು

"ಎಡಗಾಲಿಗೆ ಏನಾಯ್ತು?" ಎಂದು ಅವನು ಕೇಳಿದ.

"ಏನೂ ಆಗಿಲ್ಲ," ಎಂದಳು ಅವಳು, ಗೋಡೆಯ ಗಡಿಯಾರ ನೋಡುತ್ತ.

ಆಪರೇಷನ್ ಆಗಿದ್ದು ಬಲಗಾಲಿನ ಮೊಣಕಾಲಿಗೆ. ಎಂಟು ತಿಂಗಳಿಂದ ಇಬ್ಬರೂ ಜಗಳವಾಡುತ್ತ ಬಂದದ್ದು ಆ ಬಲಗಾಲಿನ ವಿಷಯಕ್ಕೇ. ಎಡಗಾಲಿನ ಕುಶಲ ಯಾರೂ ವಿಚಾರಿಸಿದವರಲ್ಲ. ಈಗ ಈ ಮನುಷ್ಯ ಅಳತೆಯ ಟೇಪು ಹಿಡಿದು, ನೆಲಕ್ಕೆ ಮಂಡಿಯೂರಿ ಕೂತು ಅದನ್ನೇ ವಿಚಾರಿಸುತ್ತಿದ್ದಾನೆಂದರೆ ಕಳ್ಳತನ ಸಿಕ್ಕಿಬಿದ್ದಿದೆ ಎಂದೇ ಅರ್ಥ.

ಅವನು ಕ್ಲಬ್ಬಿನ ಫಿಸಿಯೋ. ಅವಳು ಹನ್ನೊಂದನೇ ನಂಬರಿನ ಆಟಗಾರ್ತಿ. ಫುಟ್‌ಬಾಲ್ ಮೈದಾನದ ಎಡ ಅಂಚಿನಲ್ಲಿ, ಗೆರೆಗೆ ಅಂಟಿಕೊಂಡು ಓಡುವವಳು. ಹದಿನೆಂಟಕ್ಕೆ ದೇಶ ಬಿಟ್ಟವಳಿಗೆ ಒಂಬತ್ತು ವರ್ಷದಲ್ಲಿ ಮೂರು ದೇಶ, ಐದು ಕ್ಲಬ್ಬು, ನೆನಪಿನಲ್ಲಿ ಉಳಿಯದಷ್ಟು ಬಾಡಿಗೆ ಕೋಣೆ. ದೇವರು ಅವಳ ಕಾಲಿಗೆ ಕೊಟ್ಟ ಚುರುಕನ್ನು ನಾಲಿಗೆಗೂ ಕೊಟ್ಟು, ತಾಳ್ಮೆ ಕೊಡುವ ಹೊತ್ತಿಗೆ ಬೇರೆ ಯಾರೋ ಕರೆದರೆಂದು ಎದ್ದು ಹೋಗಿದ್ದ.

ಆ ಊರಿನಲ್ಲಿ ಅವಳ ಭಾಷೆ ಬಲ್ಲವನು ಈ ಫಿಸಿಯೋ ಒಬ್ಬನೇ. ಮೊದಲ ದಿನ ಅದು ವರವೆನಿಸಿತ್ತು. ಓಡಲಾ ಎಂದರೆ ಬೇಡ, ಒದೆಯಲಾ ಎಂದರೆ ಬೇಡ, ಮೆಟ್ಟಿಲು ಹತ್ತಲಾ ಎಂದರೂ ಬೇಡ. ತಾಯ್ನುಡಿಯಲ್ಲೇ ಅದನ್ನು ಕೇಳಿ ಕೇಳಿ ಎರಡನೇ ವಾರಕ್ಕೆ ಅವನಿಗೆ 'ಬೇಡಪ್ಪ' ಎಂದು ಹೆಸರಿಟ್ಟಳು. ಎದುರಿಗೇ ಕರೆದಳು. ಅವನು ಓಗೊಟ್ಟ. ಅದು ಇನ್ನೂ ಸಿಟ್ಟು ತರಿಸಿತು.

ಈ ದಿನದ ಪರೀಕ್ಷೆ ಸರಳ. ಒಂಟಿಕಾಲಲ್ಲಿ ನಿಂತು ಮುಂದಕ್ಕೆ ಹಾರಿ, ಅದೇ ಕಾಲಲ್ಲಿ ಅಲುಗದೆ ನಿಲ್ಲಬೇಕು. ಒಳ್ಳೆಯ ಕಾಲು ಹಾರಿದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನಾದರೂ ನೊಂದ ಕಾಲು ಹಾರಿದರೆ ಮೈದಾನಕ್ಕೆ ಬಿಡುತ್ತಾರೆ.

"ಬಲಗಾಲು ನೂರಾ ಮೂವತ್ತೆಂಟು ಸೆಂಟಿಮೀಟರ್. ಎಡಗಾಲು ನೂರಾ ನಲವತ್ತೆಂಟು. ಪಾಸಾಗೋ ಅಳತೇನೇ," ಎಂದ. "ಆದ್ರೆ ಹೋದ ತಿಂಗಳು ಇದೇ ಎಡಗಾಲು ನೂರಾ ಎಪ್ಪತ್ತು ಹಾರಿತ್ತು."

"ವಯಸ್ಸಾಯ್ತು."

"ಒಂದೇ ತಿಂಗಳಲ್ಲಾ?"

"ನಿಮ್ಮ ಜೊತೆ ಇದ್ರೆ ಬೇಗ ಆಗುತ್ತೆ."

ಅವನ ತುಟಿಯಂಚಿಗೆ ಬಂದ ನಗು, ಒಳಗೆ ಬನ್ನಿ ಎನ್ನಿಸಿಕೊಳ್ಳದ ನೆಂಟನ ಹಾಗೆ ಬಾಗಿಲಲ್ಲೇ ನಿಂತಿತು. "ಕೆಟ್ಟ ಕಾಲನ್ನ ಉದ್ದ ಹಾರಿಸೋಕಾಗಲ್ಲ, ಒಳ್ಳೇದನ್ನೇ ಗಿಡ್ಡ ಹಾರಿಸೋಣ ಅಂತ. ಅಲ್ವಾ?"

ಅವಳು ಟೇಬಲ್ಲಿನ ಅಂಚಿಗೆ ದೊಪ್ಪನೆ ಕೂತಳು. "ಭಾನುವಾರ ಕೊನೇ ಮ್ಯಾಚು. ಇಪ್ಪತ್ತು ನಿಮಿಷ ಆಡಿ ತೋರಿಸು, ಇನ್ನೆರಡು ವರ್ಷಕ್ಕೆ ಇಟ್ಕೋತೀನಿ ಅಂದಿದಾರೆ ಮ್ಯಾನೇಜರಮ್ಮ. ಆಡದಿದ್ರೆ ಅವತ್ತಿಗೇ ನನ್ನ ಕರಾರು ಮುಗೀತು, ಊರಿಗೆ ವಾಪಸ್. ಎಲ್ಲ ಗೊತ್ತು ನಿಮಗೆ."

"ಗೊತ್ತು."

"ಗೊತ್ತಿದ್ದೂ ಹೀಗಾ?"

"ಈ ಮೊಣಕಾಲಿನ ಲಿಗಮೆಂಟು ಇನ್ನೊಂದು ಸಲ ಹರಿದ್ರೆ ಇಪ್ಪತ್ತು ನಿಮಿಷ ಹಾಗಿರಲಿ, ಇಪ್ಪತ್ತು ಹೆಜ್ಜೆ ಓಡೋದೂ ಕಷ್ಟ. ಬೇಡ."

"ನಾನು ಹೋದ್ರೆ ನಿಮಗೇನು ಬಿಡಿ ಬೇಡಪ್ಪ. ನೋಡೋದಕ್ಕೆ ಒಂದು ಮೊಣಕಾಲು ಕಮ್ಮಿ, ಅಷ್ಟೇ ತಾನೆ?"

ಅವನು ಟೇಪು ಸುತ್ತಿಟ್ಟ. ಒಂದು ಟವೆಲ್ಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. ಏಕೆಂದು ಯೋಚಿಸುವಷ್ಟು ವ್ಯವಧಾನ ಸಿಟ್ಟಿಗೆ ಇರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತು ಊರಿನಲ್ಲಿದ್ದ ಅಕ್ಕನಿಗೆ ಫೋನ್ ಹಚ್ಚಿದಳು.

"ಅಂಥ ಕಲ್ಲುಮನಸ್ಸಿನವನನ್ನ ನಾನೆಲ್ಲೂ ನೋಡಿಲ್ಲ ಅಕ್ಕ. ಇವತ್ತು ಅದೇ ನೀಲಿ ಸ್ವೆಟರು. ಮೊಣಕೈ ಹತ್ರ ದಾರ ಬಿಟ್ಟಿದೆ, ಹೊಲಿಸಬಾರದಾ? ಬೆಳಿಗ್ಗೆ ತಿಂಡಿನೂ ತಿಂದಿರಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ. ಬರೀ ಬೇಡ ಬೇಡ ಅಂತ…"

"ನಿಲ್ಲೇ ಸ್ವಲ್ಪ," ಎಂದಳು ಅಕ್ಕ. "ಮದುವೆಯಾಗಿ ಹನ್ನೆರಡು ವರ್ಷ ಆಯ್ತು. ನಿಮ್ಮ ಭಾವನ್ನ ನಾನೂ ಇಷ್ಟು ಬಾಯ್ತುಂಬ ಬೈದಿಲ್ಲ."

"ಅಂದ್ರೆ?"

"ಅಂದ್ರೆ ಏನೂ ಇಲ್ಲಮ್ಮ. ಒಲೆ ಮೇಲೆ ಹಾಲಿದೆ, ಫೋನ್ ಇಡ್ತೀನಿ."

ಅಕ್ಕನೂ ಹೀಗೆ. ಅವಳು ಧುಮುಗುಡುತ್ತ ಮ್ಯಾನೇಜರಮ್ಮನ ಕೋಣೆಗೆ ನುಗ್ಗಿ, ನನ್ನನ್ನು ಬೇರೆಯವರು ಅಳೆಯಲಿ ಎಂದು ದೂರಿಟ್ಟಳು. ಪರಭಾಷೆಯಲ್ಲಿ ಹೇಳಬೇಕಾದ್ದರಿಂದ ಸಿಟ್ಟು ಅರ್ಧದಾರಿಯಲ್ಲೇ ಆರಿಹೋಯಿತು.

ಮ್ಯಾನೇಜರಮ್ಮ ಕನ್ನಡಕ ತೆಗೆದಿಟ್ಟರು. "ಅದನ್ನ ಅವನೇ ಕೇಳ್ಕೊಂಡಿದ್ದಾನಲ್ಲ. ಹೋದ ವಾರ ಬಂದು ಇದೇ ಕುರ್ಚೀಲಿ ಕೂತಿದ್ದ. 'ಅವಳು ಇಲ್ಲೇ ಇರಲಿ ಅನ್ನೋ ಆಸೆ ನನಗೆ ಬಹಳ ಇದೆ, ಅಂಥವನು ಅಳತೆ ಟೇಪು ಹಿಡೀಬಾರದು, ನನ್ನ ಕೈಯಿಂದ ತಪ್ಪಿಸಿ' ಅಂದ. ಹೊಸ ಡಾಕ್ಟರು ಬರೋವರೆಗೆ ನೀನೇ ನೋಡು ಅಂದಿದ್ದೆ. ಇವತ್ತು ಬರ್ತಾರೆ. ಬೆಳಗಿನ ಅಳತೆ ಅವನು ಬರೆದೂ ಇಲ್ಲ. ಮಧ್ಯಾಹ್ನ ನೀನು ಎಷ್ಟು ಹಾರ್ತೀಯೋ ಅದೇ ಕೊನೆ."

ನುಗ್ಗಿದ ಬಾಗಿಲನ್ನು ಅವಳು ಸದ್ದಾಗದಂತೆ ಮುಚ್ಚಿಕೊಂಡು ಬಂದಳು.

ಮಧ್ಯಾಹ್ನ ಮತ್ತೆ ಅದೇ ಗೆರೆಯ ಮೇಲೆ ನಿಂತಳು. ಡಾಕ್ಟರಮ್ಮ ಹೊಸಬರು, ಅವಳ ಹಿಂದಿನ ಅಳತೆ ನೋಡಿದವರಲ್ಲ. ಬಲಗಾಲು ಬೆಳಗಿನಷ್ಟೇ ಹಾರಿ, ಪ್ರಾಮಾಣಿಕವಾಗಿ ನಿಂತಿತು. ಇನ್ನು ಎಡಗಾಲು. ಒಂದು ಗೇಣು ಕಮ್ಮಿ ಹಾರಿದರೆ ಎರಡು ವರ್ಷ. ಹಿಡಿಯುವವರು ಯಾರೂ ಇಲ್ಲ.

ಕಿಟಕಿಯಾಚೆ ಅವನು ಕಂಡ. ನೀರಿನ ಬಾಟಲಿಗಳ ಕ್ರೇಟಿನ ಮೇಲೆ, ಈ ಕಡೆಗೆ ಬೆನ್ನು ಹಾಕಿ ಕೂತಿದ್ದ. ತಿರುಗಿಯಾದರೂ ನೋಡಬಾರದೇ ಈ ಮನುಷ್ಯ, ಎಂದುಕೊಂಡಳು. ನೋಡಿದ್ದರೆ ಅವನ ಮೇಲೆ ರೇಗಿಯಾದರೂ ಸುಳ್ಳು ಹಾರಬಹುದಿತ್ತು. ಇಡೀ ಊರಿನಲ್ಲಿ ತಾನು ಉಳಿಯಲೆಂದು ಇಷ್ಟು ಹಂಬಲಿಸಿದವನು ಅವನು. ಬೇಡ ಎಂದವನೂ ಅವನೇ. ಅಷ್ಟು ನೇರವಾದ ಬೆನ್ನನ್ನು ನೋಡಿಕೊಂಡು, ಸೊಟ್ಟ ಹೆಜ್ಜೆಯಿಟ್ಟು ಗೆದ್ದ ಎರಡು ವರ್ಷವನ್ನು ಇವನೆದುರಿಗೇ ಕಳೆಯುವುದು ಹೇಗೆ? ಮನುಷ್ಯನ ಒಳಗೆ ದೇವರು ಮಾತನಾಡುವುದು ಬಹಳ ಮೆಲ್ಲಗೆ. ಅವಳು ಅದನ್ನು ಕೇಳಿಸಿಕೊಂಡದ್ದೂ ಗೊಣಗುತ್ತಲೇ.

"ಹಾಳಾಗಿ ಹೋಗಲಿ," ಎಂದು ಎಡಗಾಲಲ್ಲಿ ಹಾರಿದಳು.

ನೂರಾ ಎಪ್ಪತ್ತೆರಡು.

ಡಾಕ್ಟರಮ್ಮ ಎರಡೂ ಅಳತೆ ಬರೆದುಕೊಂಡು, ಬಲಗಾಲಿನದು ಸಾಲದೆಂದು ತಲೆಯಾಡಿಸಿದರು. ಮ್ಯಾನೇಜರಮ್ಮ ಕೈಕುಲುಕಿ, ಮೊಣಕಾಲು ಗಟ್ಟಿಯಾದ ಮೇಲೆ ಫೋನ್ ಮಾಡು, ಮಾತು ಮಾತ್ರ ಕೊಡಲಾರೆ ಎಂದರು. ಬುಧವಾರಕ್ಕೆ ವಿಮಾನದ ಟಿಕೆಟ್ಟು ಬಂತು.

ಭಾನುವಾರ ಅವಳು ಪ್ರೇಕ್ಷಕರ ಸಾಲಿನಲ್ಲಿ ಕೂತು ನೋಡಿದಳು. ಅವಳ ಎಡ ಅಂಚಿನಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಓಡಿದಳು, ಚೆನ್ನಾಗಿಯೇ ಓಡಿದಳು. ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದಳು. ಕೊನೆಯ ಸೀಟಿ ಊದಿ, ಜನ ಕರಗಿ, ಹುಲ್ಲಿನ ಮೇಲೆ ಇಳಿಬಿಸಿಲು ಮಲಗಿದ ಮೇಲೆ ಮೆಟ್ಟಿಲಿಳಿದು ಬಂದಳು. ಅವನು ಖಾಲಿ ಬಾಟಲಿ ಆರಿಸುತ್ತಿದ್ದ.

"ಮೆಟ್ಟಿಲಿಳಿಯುವಾಗ ಕಂಬಿ ಹಿಡ್ಕೊಳ್ಳಲಿಲ್ಲ ನೀವು," ಎಂದ, ತಲೆಯೆತ್ತದೆ.

"ಇದೇನಾ ನೀವು ಹೇಳೋದು? ಸೀಟಿ ಊದಿ ಅರ್ಧ ಗಂಟೆ ಆಯ್ತು. ಈಗ ನಾನು ಈ ಕ್ಲಬ್ಬಿನವಳಲ್ಲ, ನೀವು ನನ್ನ ಫಿಸಿಯೋನೂ ಅಲ್ಲ. ಬೇರೆ ಏನಾದ್ರೂ ಹೇಳೋದಿದ್ರೆ ಹೇಳಿ."

ಅವನು ಒಂದು ಬಾಟಲಿಯನ್ನು ಕ್ರೇಟಿಗಿಟ್ಟ. ತೆಗೆದು ಪಕ್ಕದ ಗೂಡಿಗಿಟ್ಟ.

"ಬಾಟಲಿ ಬಿಡಿ."

ಬಿಟ್ಟ. "ನೂರಾ ಎಪ್ಪತ್ತೆರಡು ಅಂತ ಗೊತ್ತಾದಾಗ ನಾನು ಅತ್ತೆ."

"ಹೋಗ್ತೀನಲ್ಲ ಅಂತಾನಾ?"

"ಅದಕ್ಕೂ. ಎಂಥಾ ಜಿಗಿತ ಅಂತಾನೂ." ಈಗ ತಲೆಯೆತ್ತಿದ. ಎಂಟು ತಿಂಗಳು ಮೊಣಕಾಲನ್ನೇ ನೋಡಿದ ಕಣ್ಣು, ದಾರಿ ತಪ್ಪಿದ ಹಾಗೆ ಅವಳ ಮುಖಕ್ಕೆ ಬಂದು, ವಾಪಸು ಹೋಗಲಾರದೆ ನಿಂತಿತು. "ನೀವಂದ್ರೆ ನನಗೆ ಪ್ರಾಣ. ಆ ಮೊಣಕಾಲು ಒಂದು ಬಿಟ್ಟು. ಅದು ನನ್ನ ಪ್ರಾಣ ತಿಂದಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದು, ಎರಡಕ್ಕೂ ರೇಗಿತು. "ಇಷ್ಟು ಹೇಳೋದಕ್ಕೆ ನಾನು ಕೆಲಸ ಕಳ್ಕೋಬೇಕಾಗಿತ್ತಾ?"

"ಕೆಲಸ ಇರೋವರೆಗೆ ಹೇಳೋ ಹಾಗಿರಲಿಲ್ಲ."

"ನನಗೂ ನೀವಂದ್ರೆ ಹಾಗೇ. ಯಾಕೆ ಅಂತ ಕೇಳ್ಬೇಡಿ, ನನಗೇ ಅರ್ಥವಾಗಿಲ್ಲ." ಮೂಗು ಒರೆಸಿಕೊಂಡಳು. "ಬುಧವಾರ ಹೊರಡ್ತೀನಿ."

"ನನಗೆ ಒಂದು ತಿಂಗಳು ರಜೆ ಇದೆ. ಜೊತೆಗೆ ಬಂದು ನಿಮ್ಮ ಮನೆಯವರ ಹತ್ರ ಮಾತಾಡ್ತೀನಿ. ಮೊಣಕಾಲು ನೋಡೋದಕ್ಕೆ ಅಲ್ಲಿ ಬೇರೆ ಯಾರನ್ನಾದ್ರೂ ಹುಡುಕೋಣ. ಬರಲಾ?"

"ಇನ್ನೂ ಕೇಳ್ತಾ ನಿಂತಿದ್ದೀರಲ್ಲ. ಟಿಕೆಟ್ ಸಿಗುತ್ತೋ ಇಲ್ವೋ."

ಅವನು ಅವಳ ಚೀಲವನ್ನು ಹೆಗಲಿಗೇರಿಸಿಕೊಂಡ. ಇಬ್ಬರೂ ಗೇಟಿನತ್ತ ಹೊರಟರು. ಅವಳ ಬಲಗಾಲಿಗೆ ಆಯಾಸವಾದೀತೆಂದು ಅವನು ತುಂಬಿದ ಕೊಡ ಹೊತ್ತವನ ಹಾಗೆ ಒಂದೊಂದೇ ಹೆಜ್ಜೆ ಇಡತೊಡಗಿದ. ಹತ್ತು ಹೆಜ್ಜೆ ಅವಳು ಸಹಿಸಿದಳು, ಹೆಚ್ಚೆಂದರೆ ಹನ್ನೆರಡು.

"ಹೀಗೆ ನಡೆದ್ರೆ ಬುಧವಾರಕ್ಕೆ ಗೇಟೂ ಮುಟ್ಟಲ್ಲ," ಎಂದು ಅವನ ಕೈ ಹಿಡಿದು ಎಳೆದುಕೊಂಡೇ ನಡೆದಳು.